ಪರದೇಶದಲ್ಲಿ ಮತ್ತೊಮ್ಮೆ ಒಂದನೇ ತರಗತಿ

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಸಿದ್ಧಪಡಿಸಿದ ಭಾಷಣದ ಪಠ್ಯ)



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಹಿರಿಯರು ಹೇಳುತ್ತಾರೆ. ಸಾಮಾನ್ಯವಾಗಿ ಇವು ಬೇರೆ ಬೇರೆ ಜನರ ಕೆಲಸ. ವ್ಯಾಪಾರಿ ದೇಶ ಸುತ್ತುತ್ತಾನೆ, ಪಂಡಿತ ಕೋಶ ಓದುತ್ತಾನೆ. ಎರಡನ್ನೂ ಒಟ್ಟಿಗೇ ಮಾಡಬೇಕಾದವರು ಒಬ್ಬರಿದ್ದಾರೆ. ಆರು ತಿಂಗಳಿಗೋ ಎರಡು ವರ್ಷಕ್ಕೋ ಪರದೇಶದ ವಿಶ್ವವಿದ್ಯಾನಿಲಯದ ಅತಿಥಿಯಾಗಿ ಹೋಗುವ ಸಂದರ್ಶಕ ಸಂಶೋಧಕರು.

ಇವರ ಪರಿಸ್ಥಿತಿ ವಿಚಿತ್ರವಾದದ್ದು. ಪ್ರವಾಸಿಗೆ ಆ ಊರಿಗೆ ಹೊಂದಿಕೊಳ್ಳುವ ಅಗತ್ಯವೇ ಇಲ್ಲ; ವಾರ ಕಳೆದರೆ ಹೊರಟ. ವಲಸೆ ಹೋದವನಿಗೆ ಹೊಂದಿಕೊಳ್ಳಲು ಜೀವಮಾನವಿಡೀ ಇದೆ. ಸಂದರ್ಶಕ ಸಂಶೋಧಕನಿಗೆ ಮಾತ್ರ ಅಗತ್ಯ ಇದೆ, ಸಮಯ ಇಲ್ಲ. ತನ್ನ ವಿಷಯದಲ್ಲಿ ಅವನು ಪಂಡಿತ. ಆದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಕಿಟಕಿಯ ಮುಂದೆ ಅವನು ಒಂದನೇ ತರಗತಿಯ ಹುಡುಗ. ಈ ಎರಡು ಸ್ಥಾನಗಳನ್ನು ಒಂದೇ ದಿನದಲ್ಲಿ ಹತ್ತಾರು ಸಲ ಅದಲುಬದಲು ಮಾಡಿಕೊಳ್ಳಬೇಕಾದ ಕಷ್ಟವೇ ಈ ಮಾತಿನ ವಿಷಯ.

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳ ನಡುವಿನ ಮನೆಗಳಿಂದ ಇಂದು ಜರ್ಮನಿ, ಅಮೆರಿಕ, ಜಪಾನುಗಳ ಪ್ರಯೋಗಾಲಯಗಳಿಗೆ ಮಕ್ಕಳು ಹೋಗುತ್ತಿದ್ದಾರೆ. ಹೊರಡುವ ಮೊದಲು ಮನೆಯಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಉಪ್ಪಿನಕಾಯಿ, ಸ್ವೆಟರು, ವಿಮಾನದ ತೂಕದ ಮಿತಿ, ಇವಿಷ್ಟರಲ್ಲೇ ಮುಗಿಯುತ್ತದೆ. ಹೋದ ಮೇಲೆ ಬರುವ ನಿಜವಾದ ಕಷ್ಟ ಬೇರೆಯೇ. ಅದರ ಬಗ್ಗೆ ವಿದ್ವಾಂಸರು ಎಪ್ಪತ್ತು ವರ್ಷಗಳಿಂದ ಅಧ್ಯಯನ ನಡೆಸಿದ್ದಾರೆ. ಅದನ್ನು ಅನುಭವಿಸಿ ಗೆದ್ದವರು ನಮ್ಮ ಕರಾವಳಿಯಲ್ಲೇ ಇದ್ದಾರೆ.

ಘಾಟಿ ಇಳಿದು ಘಾಟಿ ಹತ್ತುವುದು

ಪರಸ್ಥಳದಲ್ಲಿ ಮನಸ್ಸಿಗೆ ಆಗುವ ಈ ತಳಮಳಕ್ಕೆ ‘ಸಾಂಸ್ಕೃತಿಕ ಆಘಾತ’ ಎನ್ನುತ್ತಾರೆ. ಈ ಮಾತನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣವೊಂದರಲ್ಲಿ ಅವರು ಇದನ್ನು ವಿವರಿಸಿದರು. ಮೊದಲು ಎಲ್ಲವೂ ಚಂದ ಕಾಣುವ ಕಾಲ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುವ ಕಾಲ, ನಂತರ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂದು ಅವರು ನಾಲ್ಕು ಹಂತಗಳನ್ನು ಗುರುತಿಸಿದರು.

ಮರುವರ್ಷ, ಅಂದರೆ 1955ರಲ್ಲಿ, ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲೂಸ್‌ಗೋರ್ ತಮ್ಮ ಅಧ್ಯಯನ ಪ್ರಕಟಿಸಿದರು. ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿ ಬಂದಿದ್ದ ಸುಮಾರು 200 ನಾರ್ವೆ ದೇಶೀಯರನ್ನು ಅವರು ಮಾತನಾಡಿಸಿದ್ದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿದ್ದರು. ಕಷ್ಟಪಟ್ಟವರು ನಡುವಿನವರು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಬಂದು, ಸುಬ್ರಹ್ಮಣ್ಯದ ದಾರಿಯಾಗಿ ಮತ್ತೆ ಬಿಸಿಲೆ ಘಾಟಿ ಹತ್ತುವ ಹಾಗೆ ಇದರ ನಕ್ಷೆ. ಎಲ್ಲರೂ ಇದೇ ದಾರಿಯಲ್ಲಿ ಸಾಗುವುದಿಲ್ಲವೆಂದು ನಂತರದ ಸಂಶೋಧಕರು ತಕರಾರು ತೆಗೆದಿದ್ದಾರೆ. ಕೆಲವರಿಗೆ ಮೊದಲ ದಿನವೇ ಆಳದ ಕಣಿವೆ. ಆದರೂ ಒಂದು ಮಾತು ನೆನಪಿಡಬೇಕಾದದ್ದು. ಸಂದರ್ಶಕ ಸಂಶೋಧಕನ ಅವಧಿ ಹೆಚ್ಚಾಗಿ ಒಂದು ವರ್ಷ. ಅಂದರೆ ಅವನು ಊರಿಗೆ ಮರಳುವುದು ಎಷ್ಟೋ ಸಲ ಕಣಿವೆಯ ತಳದಿಂದಲೇ. ‘ನನ್ನಿಂದ ಆಗಲಿಲ್ಲ’ ಎಂದು ಅವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಆದದ್ದು ಇಷ್ಟೆ: ಅವಧಿ ಮುಗಿಯಿತು, ಏರು ಬರಲಿಲ್ಲ.

ಹಗಲು, ಕಾಗದ, ಮೇಜು ಕುಟ್ಟುವ ಸದ್ದು

ಮೊದಲು ಬದಲಾಗುವುದು ಹಗಲು. ಪುತ್ತೂರಿನಲ್ಲಿ ಡಿಸೆಂಬರಿನ ಅತಿ ಸಣ್ಣ ಹಗಲು ಕೂಡ ಹನ್ನೊಂದು ಗಂಟೆಗೆ ಮೀರಿದ್ದು. ದಕ್ಷಿಣ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಅದು ಸುಮಾರು ಎಂಟು ಗಂಟೆ. ಫಿನ್‌ಲ್ಯಾಂಡಿನ ತುರ್ಕು ನಗರದಲ್ಲಿ ಆರು ಗಂಟೆಗೂ ಕಡಿಮೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಕೋಣೆಗೆ ಬರುವ ದಿನಗಳು ಮನಸ್ಸನ್ನು ಕುಗ್ಗಿಸುತ್ತವೆ. ಆಟಿ ತಿಂಗಳ ಜಡಿಮಳೆ ನೋಡಿದ ನಮ್ಮವರಿಗೆ ಇದು ಸ್ವಲ್ಪ ಅರ್ಥವಾದೀತು. ಆದರೆ ಆಟಿಯಲ್ಲಿ ಚಾವಡಿಯಲ್ಲಿ ಕೂತು ಮಾತಾಡಲು ಜನ ಇರುತ್ತಾರೆ. ಅಲ್ಲಿನ ಚಳಿಗಾಲದಲ್ಲಿ ಕೋಣೆಯ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ಊಟ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರಿಗೆ ಜರ್ಮನರು ಸಂಜೆ ತಿನ್ನುವ ತಣ್ಣನೆಯ ಬ್ರೆಡ್ಡು ಊಟವೆಂದೇ ಅನಿಸದು. ಇದಕ್ಕೆ ಒಂದು ಕುಕ್ಕರ್ ಸಾಕು. ಒಬ್ಬರೇ ಕೂತು ಉಣ್ಣುವ ಬೇಸರಕ್ಕೆ ಯಾವ ಪಾತ್ರೆಯೂ ಪರಿಹಾರವಲ್ಲ.

ಮೂರನೆಯದು ಕಾಗದಪತ್ರ. ಜರ್ಮನಿಯಲ್ಲಿ ಮನೆ ಹಿಡಿದ ಕೂಡಲೇ ಪುರಭವನದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆರೋಗ್ಯ ವಿಮೆ ಕಡ್ಡಾಯ. ಅಮೆರಿಕಕ್ಕೆ ಸಂದರ್ಶಕರಾಗಿ ಹೋಗುವವರಲ್ಲಿ ಹೆಚ್ಚಿನವರದು ‘ಜೆ-1’ ವೀಸಾ. ಅವರಲ್ಲಿ ಕೆಲವರು ಅವಧಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತಿಗೆ ಒಳಪಡುತ್ತಾರೆ. ಇದನ್ನು ಹೊರಡುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಇವೆಲ್ಲ ಯಾರೋ ಹೇಳಿಕೊಡುವ ಸಂಗತಿಗಳು. ಯಾರೂ ಹೇಳಿಕೊಡದ ಸಂಗತಿಗಳೇ ಹೆಚ್ಚು ಕಾಡುತ್ತವೆ. ಜರ್ಮನಿಯ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಉಪನ್ಯಾಸ 10 ಗಂಟೆಗೆ ಎಂದು ಬರೆದಿದ್ದರೆ ಶುರುವಾಗುವುದು 10.15ಕ್ಕೆ. ಅದು ತಡವಲ್ಲ, ನಿಯಮ. ಉಪನ್ಯಾಸ ಮುಗಿದಾಗ ಚಪ್ಪಾಳೆ ಇಲ್ಲ. ಕೇಳುಗರು ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತಾರೆ. ಗೊತ್ತಿಲ್ಲದವರಿಗೆ ಪ್ರತಿಭಟನೆಯಂತೆ ಕೇಳಿಸುವ ಆ ಸದ್ದು ಮೆಚ್ಚುಗೆಯದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿ ಹತ್ತರ ಮೇಲೆ ಗದ್ದಲ ಕೂಡದು. ಅಮೆರಿಕದಲ್ಲಿ ಪ್ರಾಧ್ಯಾಪಕರು ತಮ್ಮನ್ನು ಹೆಸರು ಹಿಡಿದೇ ಕರೆಯಿರಿ ಎನ್ನುತ್ತಾರೆ. ‘ಮಾಷ್ಟ್ರೇ’ ಎಂದು ಎದ್ದು ನಿಂತು ಅಭ್ಯಾಸವಾದ ನಾಲಿಗೆಗೆ ಅದು ಸುಲಭವಲ್ಲ. ಆ ಪ್ರಾಧ್ಯಾಪಕರು ಸಭೆಯಲ್ಲಿ ಆಕ್ಷೇಪ ಎತ್ತಿದರೆ ಅದು ಅವಮಾನವಲ್ಲ, ಅವರು ಕಿವಿಗೊಟ್ಟು ಕೇಳಿದ್ದಾರೆ ಎಂಬುದಕ್ಕೆ ಸಾಕ್ಷಿ. ಇದನ್ನು ತಿಳಿಯದೆ ಮೌನಕ್ಕೆ ಶರಣಾದ ಬುದ್ಧಿವಂತರು ಕಡಿಮೆಯಿಲ್ಲ.

ನಾಲ್ಕು ಭಾಷೆಯ ನಾಲಿಗೆ

ಹೊಂದಾಣಿಕೆಯ ದೊಡ್ಡ ಬಾಗಿಲು ಭಾಷೆ. ಈ ವಿಷಯದಲ್ಲಿ ನಮ್ಮ ಮೂರು ತಾಲೂಕುಗಳ ಮಕ್ಕಳಿಗೆ ಒಂದು ಬಂಡವಾಳ ಇದೆ. ಅದು ಬಂಡವಾಳವೆಂದು ಅವರಿಗೇ ತಿಳಿದಿಲ್ಲ. ಸುಳ್ಯದ ಒಂದು ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿ ದಾಟಿದರೆ ಮಲಯಾಳ. ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ಎದುರಿಗೆ ಬಂದವರ ಮುಖ ನೋಡಿ ಭಾಷೆ ಬದಲಿಸುವುದು ಇಲ್ಲಿ ವಿದ್ವತ್ತಲ್ಲ, ದಿನಚರಿ. ತಪ್ಪು ತುಳು ಮಾತಾಡಿದರೆ ಯಾರೂ ಶಾಲೆಯಿಂದ ಹೊರಹಾಕುವುದಿಲ್ಲ, ನಕ್ಕು ತಿದ್ದುತ್ತಾರೆ.

ಹೀಗೆ ಐದು ವರ್ಷದ ಮಗುವಾಗಿದ್ದಾಗ ನಾಚಿಕೆಯಿಲ್ಲದೆ ಕಲಿತವರೇ, ಮೂವತ್ತರಲ್ಲಿ ಡಾಕ್ಟರೇಟ್ ಪಡೆದು ಪರದೇಶಕ್ಕೆ ಹೋದಾಗ ತಪ್ಪು ಜರ್ಮನ್ ಮಾತಾಡಲು ಹೆದರುತ್ತಾರೆ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸಾಕಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಸಾಕು, ನಿಜ. ಆದರೆ ಬ್ರೆಡ್ಡು ಮಾರುವ ಹೆಂಗಸಿನೊಂದಿಗೆ, ಕೆಳಮನೆಯ ಅಜ್ಜನೊಂದಿಗೆ ಮಾತಾಡಲು ಸಾಲದು. ಊರು ಎಂದರೆ ಪ್ರಯೋಗಾಲಯವಲ್ಲ, ಆ ಹೆಂಗಸು ಮತ್ತು ಆ ಅಜ್ಜ.

ಇಲ್ಲಿಗೆ ಬಂದವರು ಹೇಗಿದ್ದರು?

ಈ ದಾರಿ ಒಮ್ಮುಖವಲ್ಲ. ನಾವು ಹೋಗುವ ಮೊದಲೇ ಇಲ್ಲಿಗೆ ಬಂದವರಿದ್ದಾರೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಧರ್ಮಪ್ರಚಾರಕ್ಕೆ ಬಂದವರು ಕನ್ನಡದ ವಿದ್ಯಾರ್ಥಿಯಾಗಿಬಿಟ್ಟರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅದೇ ಮಿಶನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನೂ, ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ಹೊರತಂದರು. ಇವರೆಲ್ಲ ದೇಶ ಸುತ್ತಿ ಕೋಶ ಓದಿದವರಷ್ಟೇ ಅಲ್ಲ, ಕೋಶ ಬರೆದವರು.

ಇಪ್ಪತ್ತನೆಯ ಶತಮಾನದಲ್ಲಿ ಬಂದವರು ಸಂಶೋಧಕರು. ಅಮೆರಿಕದ ಪೀಟರ್ ಕ್ಲಾಸ್ 1960ರ ದಶಕದ ಕೊನೆಯಿಂದ ತುಳುನಾಡಿನ ಪಾಡ್ದನ ಮತ್ತು ಸಿರಿ ಜಾತ್ರೆಗಳ ಹಿಂದೆ ಬಿದ್ದರು. ಅದೇ ಹೊತ್ತಿಗೆ ಬಂದ ಮಾರ್ಥಾ ಆಶ್ಟನ್ ಹಿರಿಯಡಕ ಗೋಪಾಲ ರಾಯರಲ್ಲಿ ಯಕ್ಷಗಾನ ಕಲಿತರು. ಜರ್ಮನಿಯ ಹೈಡ್ರೂನ್ ಬ್ರೂಕ್ನರ್ 1980ರ ದಶಕದಿಂದ ಭೂತಾರಾಧನೆಯ ಮೌಖಿಕ ಪಠ್ಯಗಳನ್ನು ಅಭ್ಯಾಸ ಮಾಡಿದರು. ಫಿನ್‌ಲ್ಯಾಂಡಿನ ಲೌರಿ ಹೋಂಕೊ ಬೆಳ್ತಂಗಡಿ ತಾಲೂಕಿನ ಮಾಚಾರಿಗೆ ಬಂದು ಗೋಪಾಲ ನಾಯ್ಕರ ಮುಂದೆ ಕೂತರು. 1990ರ ಡಿಸೆಂಬರಿನಲ್ಲಿ ನಾಯ್ಕರು ಹೇಳಿ ಬರೆಸಿದ ಸಿರಿ ಮಹಾಕಾವ್ಯ 15,683 ಸಾಲುಗಳದ್ದು, ಗಾತ್ರದಲ್ಲಿ ಗ್ರೀಕರ ಇಲಿಯಡ್‌ಗೆ ಸರಿಸುಮಾರು ಸಮ. ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೋಂಕೊ ಅವರ ಸಹಕಾರದೊಂದಿಗೆ ಅದು 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದದ್ದು ಕೂರುವ ಸ್ಥಾನ. ಹೋಂಕೊ ಜಾನಪದ ಲೋಕದಲ್ಲಿ ಜಗತ್ತಿಗೆ ಗೊತ್ತಿದ್ದ ಪ್ರಾಧ್ಯಾಪಕ. ಮಾಚಾರಿನ ಅಂಗಳದಲ್ಲಿ ಗುರು ಅವರಲ್ಲ, ಗೋಪಾಲ ನಾಯ್ಕರು. ಆ ಸ್ಥಾನ ಬದಲಾವಣೆಯನ್ನು ಒಪ್ಪಿಕೊಂಡದ್ದರಿಂದಲೇ ಕಾವ್ಯ ಸಿಕ್ಕಿತು. ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ ಎಂಬುದೂ ಸಣ್ಣ ಸಂಗತಿಯಲ್ಲ. ಅತಿಥಿಯಾಗಿ ಉಂಡವರು ಆತಿಥೇಯನ ಹೆಸರು ಹೇಳಬೇಕು.

ಇನ್ನೊಂದು ಬಗೆಯ ಅತಿಥಿಗಳು ಕಡಬ ತಾಲೂಕಿನಲ್ಲೇ ಇದ್ದಾರೆ. ನೆಟ್ಟಣದ ಬಳಿ ಕಿದುವಿನಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ತೋಟವಿದೆ. ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ತಳಿ ಭಂಡಾರ ಇರುವುದು ಅಲ್ಲಿಯೇ. ಹಿಂದೂ ಮಹಾಸಾಗರದ ದ್ವೀಪಗಳಿಂದ ತಳಿ ತರುವಾಗ ವಿಜ್ಞಾನಿಗಳು ಇಡೀ ಕಾಯಿಯನ್ನು ಹೊತ್ತು ತರಲಿಲ್ಲ. ಕಾಯಿ ಭಾರ, ಜೊತೆಗೆ ರೋಗವೂ ಬಂದೀತು. ಒಳಗಿನ ಭ್ರೂಣವನ್ನಷ್ಟೇ ಬೇರ್ಪಡಿಸಿ ತಂದು ಇಲ್ಲಿ ಬೆಳೆಸಿದರು. ಪರದೇಶಕ್ಕೆ ಹೋಗುವವರಿಗೂ ಇದೇ ಉಪಾಯ. ಊರಿನ ಎಲ್ಲ ಅಭ್ಯಾಸಗಳನ್ನೂ ಹೊತ್ತೊಯ್ಯಲಾಗದು. ಮೊಳೆಯುವ ಭಾಗ ಯಾವುದೆಂದು ಗೊತ್ತಿದ್ದರೆ ಸಾಕು.

ಇಲ್ಲಿಂದ ಹೋದವರು

ಹಾಗಾದರೆ ಇಲ್ಲಿಂದ ಹೋದವರು ಏನನ್ನು ಒಯ್ದರು? ಉಡುಪಿ ಕಡೆಯ ಭಾಷಾವಿಜ್ಞಾನಿ ಯು. ಪಿ. ಉಪಾಧ್ಯಾಯರು 1970ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಸೆನೆಗಲ್ ದೇಶಕ್ಕೆ ಹೋದರು. ಆಗ ಅಲ್ಲಿನ ಅಧ್ಯಕ್ಷರಾಗಿದ್ದವರು ಕವಿ ಲಿಯೊಪೋಲ್ಡ್ ಸೆಂಗೋರ್. ಆಫ್ರಿಕದ ಮತ್ತು ದ್ರಾವಿಡ ಸಂಸ್ಕೃತಿಗಳ ನಡುವೆ ನಂಟು ಇರಬಹುದೇ ಎಂಬ ಕುತೂಹಲ ಅವರದು. ಡಾಕಾರ್ ನಗರದಲ್ಲಿ ಆಡಳಿತದ ಭಾಷೆ ಫ್ರೆಂಚ್, ಪೇಟೆಯ ಭಾಷೆ ವೊಲೊಫ್. ಇಂಗ್ಲಿಷಿನ ಊರುಗೋಲು ಅಲ್ಲಿ ಕೆಲಸಕ್ಕೆ ಬರದು. ಉಪಾಧ್ಯಾಯರು ಒಯ್ದ ಮೊಳಕೆ ತುಳು, ಕನ್ನಡಗಳ ಒಳರಚನೆಯ ತಿಳಿವಳಿಕೆ. ಎರಡು ಭಾಷಾವರ್ಗಗಳ ಸಂಬಂಧದ ಆ ವಾದವನ್ನು ಭಾಷಾವಿಜ್ಞಾನಿಗಳೆಲ್ಲ ಒಪ್ಪಿಲ್ಲ. ಆದರೆ ಹೊರಗಿನ ಭಾಷೆಗಳ ನಡುವೆ ಪಳಗಿ ಊರಿಗೆ ಮರಳಿದವರು ಉಡುಪಿಯಲ್ಲಿ ತುಳು ನಿಘಂಟಿನ ಸಂಪಾದಕರಾದರು. 1988ರಿಂದ 1997ರ ನಡುವೆ ಅದರ ಆರು ಸಂಪುಟಗಳು ಹೊರಬಂದವು.

ಪುತ್ತೂರಿಗೆ ಇನ್ನೂ ಹತ್ತಿರದ ಉದಾಹರಣೆ ಬಿ. ಎ. ವಿವೇಕ ರೈ ಅವರದು. 1946ರಲ್ಲಿ ಹುಟ್ಟಿದ ಅವರ ಊರು ಬಂಟ್ವಾಳ ತಾಲೂಕಿನ ಪುಣಚ. ಕಾಲೇಜು ಓದಿದ್ದು ಪುತ್ತೂರಿನಲ್ಲಿ. ತುಳು ಜನಪದ ಸಾಹಿತ್ಯದ ಮೇಲೆ ಡಾಕ್ಟರೇಟ್ ಪಡೆದರು. ಸಿರಿ ಕಾವ್ಯದ ಕೆಲಸ ಅವರನ್ನು ಫಿನ್‌ಲ್ಯಾಂಡಿಗೂ ಕರೆದೊಯ್ಯಿತು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯಕ್ಕೂ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೂ ಕುಲಪತಿಯಾಗಿದ್ದವರು, ಅರವತ್ತು ದಾಟಿದ ಮೇಲೆ, 2009ರಿಂದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾದರು. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು ಆ ವಿಶ್ವವಿದ್ಯಾನಿಲಯದಲ್ಲೇ. ಅಲ್ಲಿನ ಭಾರತೀಯ ವಿದ್ಯೆಗಳ ವಿಭಾಗದಲ್ಲಿ ಇದ್ದವರು ಬ್ರೂಕ್ನರ್, ಅಂದರೆ ಹಿಂದೊಮ್ಮೆ ತುಳುನಾಡಿಗೆ ವಿದ್ಯಾರ್ಥಿಯಂತೆ ಬಂದವರು. ಹಳೆಯ ಅತಿಥಿ ಈಗ ಆತಿಥೇಯ, ಹಳೆಯ ಆತಿಥೇಯ ಈಗ ಅತಿಥಿ. ರೈ ಅವರು ಒಯ್ದ ಮೊಳಕೆ ಕನ್ನಡ ಮತ್ತು ತುಳು. ಹಿಂದೆ ತಂದದ್ದು ಜರ್ಮನ್ ಕತೆಗಳ ಕನ್ನಡ ಅನುವಾದ.

ಸುಳ್ಯದ ನೆಲದಿಂದ ಹೊರಟ ಪುರುಷೋತ್ತಮ ಬಿಳಿಮಲೆ ಅವರ ದಾರಿ ಸ್ವಲ್ಪ ಬೇರೆ. ಸುಳ್ಯದ ಕಾಲೇಜಿನಲ್ಲಿ ಪಾಠ ಹೇಳಿದವರು ಮುಂದೆ ದಿಲ್ಲಿ ಸಮೀಪದ ಗುರುಗಾಂವಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನಲ್ಲಿ ದೀರ್ಘಕಾಲ ಕೆಲಸ ಮಾಡಿದರು. 1961ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಭಾರತಕ್ಕೆ ಬರುವ ಅಮೆರಿಕದ ಸಂಶೋಧಕರ ಹೆಬ್ಬಾಗಿಲು. ನಂತರ ಅವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕನ್ನಡ ಪೀಠದಲ್ಲಿದ್ದರು. ಹೊರಗಿನವನಾಗಿ ಬದುಕುವುದಕ್ಕೆ ಸಮುದ್ರ ದಾಟಲೇಬೇಕೆಂದಿಲ್ಲ; ತುಳು, ಅರೆಭಾಷೆ ಕೇಳಿಸದ ದಿಲ್ಲಿಯೂ ಸುಳ್ಯದವರಿಗೆ ಹೊರನಾಡೇ.

ಇವರ ಬದುಕಿನಿಂದ ಸಿಗುವ ಪಾಠ ಸರಳ. ಹೊಂದಿಕೊಳ್ಳುವುದೆಂದರೆ ತನ್ನದನ್ನು ಬಿಟ್ಟುಕೊಡುವುದಲ್ಲ. ತನ್ನ ಬಳಿ ಇರುವುದು ಅಲ್ಲಿನವರಿಗೆ ಬೇಕಾಗಿದೆ, ಅಲ್ಲಿನವರಿಗೆ ಗೊತ್ತಿರುವುದು ತನಗೆ ಬೇಕಾಗಿದೆ ಎಂಬುದು ಎರಡೂ ಕಡೆಯವರಿಗೆ ಅರ್ಥವಾಗುವುದು. ಕೊಡಲು ಏನೂ ಇಲ್ಲದೆ ಹೋದವನು ಅಲ್ಲಿ ಬರೀ ಆಶ್ರಿತ. ಕಲಿಯಲು ಏನೂ ಇಲ್ಲವೆಂದು ಹೋದವನು ಬರೀ ಬಾಡಿಗೆದಾರ.

ಜೊತೆಗೆ ಹೋದವರು

ಪ್ರಯೋಗಾಲಯಕ್ಕೆ ಹೋಗುವವನಿಗೆ ಕೆಲಸ ಇದೆ, ಸಹೋದ್ಯೋಗಿಗಳಿದ್ದಾರೆ. ಅವನ ಜೊತೆ ಹೋದ ಹೆಂಡತಿಗೆ, ಅಥವಾ ಸಂಶೋಧಕಿಯ ಜೊತೆ ಹೋದ ಗಂಡನಿಗೆ ಏನಿದೆ? ಊರಿನಲ್ಲಿ ಮೇಷ್ಟ್ರಾಗಿದ್ದವರು, ಬ್ಯಾಂಕಿನಲ್ಲಿದ್ದವರು ಅಲ್ಲಿ ಎರಡು ಕೋಣೆಗಳ ನಡುವೆ ದಿನ ಕಳೆಯುತ್ತಾರೆ. ಫೋನಿನಲ್ಲಿ ‘ಚೆನ್ನಾಗಿದ್ದೇವೆ’ ಎಂದಷ್ಟೇ ಊರಿಗೆ ಹೇಳುತ್ತಾರೆ. ಡಾಕಾರಿಗೆ ಉಪಾಧ್ಯಾಯರ ಜೊತೆ ಹೋದ ಸುಶೀಲಾ ಉಪಾಧ್ಯಾಯ ಸ್ವತಃ ವಿದುಷಿ. ಅಲ್ಲಿಯ ಸಂಶೋಧನೆಯಲ್ಲೂ ಪಾಲುಗೊಂಡರು. ಎಲ್ಲರಿಗೂ ಅಂಥ ಅವಕಾಶ ಸಿಗುವುದಿಲ್ಲ. ಅಮೆರಿಕದಲ್ಲಿ ‘ಜೆ-1’ ವೀಸಾದವರ ಸಂಗಾತಿಗೆ ಉದ್ಯೋಗದ ಅನುಮತಿ ಕೇಳುವ ಹಕ್ಕಿದೆ; ಎಷ್ಟೋ ಮಂದಿಗೆ ಅದು ತಿಳಿದಿರುವುದಿಲ್ಲ. ಭಾಷೆಯ ತರಗತಿಗೆ ಮೊದಲು ಸೇರಬೇಕಾದವರು ಜೊತೆಗೆ ಹೋದವರು. ಹೆತ್ತವರು ಫೋನಿನಲ್ಲಿ ಮಗನ ಸಂಶೋಧನೆ ಎಲ್ಲಿಗೆ ಬಂತೆಂದು ಕೇಳುವ ಮೊದಲು ಸೊಸೆಯ ದಿನ ಹೇಗೆ ಕಳೆಯಿತೆಂದು ಕೇಳುವುದು ಒಳ್ಳೆಯದು.

ಮರಳಿ ಬಂದಾಗ

ಕಡೆಯ ಕಣಿವೆ ಕಾಯುತ್ತಿರುವುದು ಊರಿನಲ್ಲೇ. 1963ರಲ್ಲಿ ಗಲ್ಲಾಹಾರ್ನ್ ದಂಪತಿ ಎಂಬ ಅಮೆರಿಕದ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಪರದೇಶದಲ್ಲಿ ಒಂದು ಇಳಿಜಾರು ಇದ್ದಂತೆ, ಸ್ವದೇಶಕ್ಕೆ ಬಂದಾಗ ಇನ್ನೊಂದು ಇಳಿಜಾರು ಇರುತ್ತದೆ. ಹೋಗುವಾಗ ಎಲ್ಲರೂ ಎಚ್ಚರದಲ್ಲಿರುತ್ತಾರೆ, ಬರುವಾಗ ಯಾರೂ ಇರುವುದಿಲ್ಲ. ಬಂದವನಿಗೆ ಊರಿನ ಗದ್ದಲ, ಕಚೇರಿಗಳ ವಿಳಂಬ ಚುಚ್ಚುತ್ತವೆ. ಊರಿನವರಿಗೆ ಅವನ ‘ಅಲ್ಲಿ ಹೀಗಿಲ್ಲ’ ಎಂಬ ಮಾತು ಚುಚ್ಚುತ್ತದೆ. ಅವನದು ಜಂಭವಲ್ಲ, ಇವರದು ಅಸೂಯೆಯಲ್ಲ. ಇದು ಹೊಂದಾಣಿಕೆಯ ಉಳಿದರ್ಧ.

ಆಗ ನೆರವಿಗೆ ಬರುವುದು ಕೆಲಸ ಮಾತ್ರ. ಕಲಿತದ್ದನ್ನು ಊರಿನ ಭಾಷೆಯಲ್ಲಿ ಹೇಳುವ ಕೆಲಸ, ಅಲ್ಲಿನ ಪುಸ್ತಕವನ್ನು ಇಲ್ಲಿಗೆ ತರುವ ಕೆಲಸ, ಹಳೆಯ ಕಾಲೇಜಿಗೆ ಹೋಗಿ ಒಂದು ತರಗತಿ ತೆಗೆದುಕೊಳ್ಳುವ ಕೆಲಸ. ತುಳು ನಿಘಂಟು ಆದದ್ದು, ಜರ್ಮನ್ ಕತೆಗಳು ಕನ್ನಡಕ್ಕೆ ಬಂದದ್ದು ಹಾಗೆಯೇ.

ಆದ್ದರಿಂದ ಹೊರಡುವ ಮಕ್ಕಳಿಗೆ ಉಪ್ಪಿನಕಾಯಿಯ ಜೊತೆ ಮೂರು ಮಾತು ಕಟ್ಟಿಕೊಟ್ಟರೆ ಸಾಕು. ಅಲ್ಲಿನ ಭಾಷೆಯನ್ನು ತಪ್ಪುತಪ್ಪಾಗಿಯಾದರೂ ಮಾತಾಡಿ. ನಾಲ್ಕನೇ ತಿಂಗಳಲ್ಲಿ ಬೇಸರ ಬಂದರೆ ಅದು ಸೋಲಲ್ಲ, ಘಾಟಿಯ ಇಳಿಜಾರು ಎಂದು ತಿಳಿಯಿರಿ. ಯಾರೊಡನಾದರೂ ಬಾಯಿಬಿಟ್ಟು ಹೇಳಿ. ಅನ್ನ ಹಾಕಿದವರ, ದಾರಿ ತೋರಿಸಿದವರ ಹೆಸರನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಉಳಿಯುವ ಹೆತ್ತವರಿಗೂ ಒಂದು ಮಾತು: ಮುಂದೊಂದು ದಿನ ಯಾರೋ ಪರದೇಶದ ಹುಡುಗಿ ಟಿಪ್ಪಣಿ ಪುಸ್ತಕ ಹಿಡಿದು ನಿಮ್ಮ ಅಂಗಳಕ್ಕೆ ಬಂದು ತಪ್ಪು ತುಳುವಿನಲ್ಲಿ ನೀರು ಕೇಳಿದರೆ ಬೆಲ್ಲವನ್ನೂ ಕೊಡಿ, ಮಾತನ್ನೂ ತಿದ್ದಿಕೊಡಿ. ನಿಮ್ಮ ಮಕ್ಕಳು ಅಲ್ಲಿ ಯಾರದೋ ಮನೆಯ ಮುಂದೆ ಹಾಗೆಯೇ ನಿಂತಿರುತ್ತಾರೆ.